ಎತ್ತಿಗೆ ಅರ್ಧ ಟಿಕೀಟು

ಶುಕ್ರವಾರ ಇಚಲಕರಂಜಿಯಲ್ಲಿ ಮಗ್ಗಕ್ಕೆ ರಜೆ,
ಕಿವಿಗೆ ಇಲ್ಲ.
ಆರು ದಿನದ ಖಟಪಟ ಏಳನೆಯ ದಿನವೂ
ತಲೆಯೊಳಗೆ ಲಾಳಿ ಎಸೆಯುತ್ತದೆ.

ಅದಕ್ಕೇ ಕೊಂಡೆ ಈ ಸೈಕಲ್ಲು,
ಡಾಕ್ಟರ ಮಗ ಎರಡು ತಿಂಗಳು ಓಡಿಸಿ ಬೇಸತ್ತದ್ದು:
ಟಗರುಗೊಂಬಿನ ಹ್ಯಾಂಡಲ್ಲು,
ಗರಸಿಗೆಂದೇ ಹಲ್ಲು ಮೂಡಿದ ದಪ್ಪ ಟಾಯರು.
ಹನ್ನೊಂದು ಸಾವಿರ.
ಬೆಲೆಯ ಮಾತು ಆಮೇಲೆ.

ತೇರವಾಡದಲ್ಲಿ ಡಾಂಬರು ಬಿಟ್ಟೆ. ಹೊಳೆದಂಡೆಯ ಗರಸು
ಚಕ್ರದಡಿ ಸಜ್ಜೆ ಬೀಸಿದಂತೆ ಮಾತಿಗಿಳಿಯಿತು.
ಎಡಕ್ಕೆ ಕೃಷ್ಣೆ, ಬಲಕ್ಕೆ ಕಬ್ಬು,
ನಡುನಡುವೆ ಇಟ್ಟಿಗೆ ಭಟ್ಟಿಯ ಹೊಗೆ, ಬದನೆಯ ನೇರಳೆ ಹೂ,
ಜಾಕ್‌ವೆಲ್ಲಿನ ನೆತ್ತಿಯಲ್ಲಿ ಒದ್ದೆ ರೆಕ್ಕೆ ಒಣಹಾಕಿದ ನೀರುಕಾಗೆ.
ಜಾಲಿಯ ಕೊಂಬೆಗಳಲ್ಲಿ, ಆಳೆತ್ತರದಲ್ಲಿ,
ಮಹಾಪೂರ ಸಿಕ್ಕಿಸಿ ಹೋದ ಗೊಬ್ಬರದ ಚೀಲ,
ಒಂದು ಚಿಕ್ಕ ಚಪ್ಪಲಿ, ಸೀರೆಯ ಅಂಚು.
ಅಂಚು ಹಿಡಿದು ನೋಡಿದೆ: ನಮ್ಮ ಕಡೆ ನೇಯ್ದದ್ದಲ್ಲ.
ಮಗ್ಗದವನ ಕಣ್ಣು, ಏನು ಮಾಡಲಿ.

ಅಕಿವಾಟದ ಹತ್ತಿರ ಅಕ್ಕಾತಾಯಿ
ಮರಾಠಿಯಲ್ಲಿ ಎಮ್ಮೆಗೆ ಬೈದು ಕನ್ನಡದಲ್ಲಿ ನನ್ನ ಕೇಳಿದಳು:
"ಗಾಡಿಗಿ ಇಷ್ಟ ಗೇರ್ ಅದಾವು, ಘಂಟಿ ಯಾಕಿಲ್ಲೋ ತಮ್ಮಾ?"
ಉತ್ತರ ತೋಚಲಿಲ್ಲ. ಬಾಯಿಂದಲೇ ಟ್ರಿಣ್ ಅಂದೆ.
ಎಮ್ಮೆಗಳು ದಾರಿ ಬಿಟ್ಟವು.

ಖಿದ್ರಾಪುರ ಕಾಣುವಷ್ಟರಲ್ಲಿ
ಹಿಂದಿನ ಗಾಲಿ ಉಸ್ಸೆಂದಿತು. ಜಾಲಿಮುಳ್ಳು.
ಗುಡಿಯ ತನಕ ತಳ್ಳಿದೆ. ಬೂಟು ಬಿಚ್ಚಿ
ಸ್ವರ್ಗಮಂಟಪದ ಕಂಬಕ್ಕೊರಗಿ ಕೂತೆ.
ನಡುವೆ ಚಾವಣಿಯಿಲ್ಲ; ಕಲ್ಲುಕುಟಿಗ
ಆಕಾಶವನ್ನೇ ದುಂಡಗೆ ಕತ್ತರಿಸಿ ಕೂರಿಸಿದ್ದಾನೆ.
ಒಂದು ಮೋಡ ಈ ಅಂಚಿನಿಂದ ಆ ಅಂಚಿಗೆ ಹೋಗಲು
ಟ್ಯೂಬಿನ ತೇಪೆ ಒಣಗುವಷ್ಟು ಹೊತ್ತು ಬೇಕು.

ಹೊರಗೋಡೆಯ ಸುತ್ತ ಆನೆಗಳು,
ಗುಡಿಯ ಭಾರವೆಲ್ಲ ಬೆನ್ನ ಮೇಲೆ; ಕೆಲವಕ್ಕೆ ಸೊಂಡಿಲಿಲ್ಲ.
ಶಾಸನದಲ್ಲಿ ಹಳೆಯ ಕನ್ನಡ. ಬೆರಳಿಟ್ಟು ಓದಿದೆ:
ಒಂದು 'ಶ್ರೀ', ಒಂದು 'ಮ', ಮುಂದೆ ಬಾವಲಿ ಹಿಕ್ಕೆ.
ಅಷ್ಟು ಹಿಂದಿನವನ ಕೈಬರಹ
ನಮ್ಮ ಮುಕದ್ದಮನ ಹಾಜರಿ ಪುಸ್ತಕಕ್ಕಿಂತ ಸ್ಪಷ್ಟ.

ಒಳಗೆ ಕೋಪೇಶ್ವರ. ಎದುರಿಗೆ ನಂದಿಯಿಲ್ಲ.
ಕತೆ ಈ ಸೀಮೆಗೆಲ್ಲ ಗೊತ್ತು: ಕರೆಯದ ಯಜ್ಞಕ್ಕೆ
ಸತಿ ತವರಿಗೆ ಹೊರಟಳು, ನಂದಿಯ ಬೆನ್ನೇರಿ.
ಅದು ಯಡೂರಿನಲ್ಲೇ ಉಳಿಯಿತು.
ಇವನು ಇಲ್ಲಿ ಸಿಟ್ಟು ಹಿಡಿದು ಕೂತ.

ಈಗ ಬೆಲೆಯ ಮಾತು.
ಆ ಹನ್ನೊಂದು ಸಾವಿರ ಹೊಲಿಗೆ ಯಂತ್ರದ್ದು,
ಸುಗಂಧಾ ಮೂರು ವರ್ಷ ಅಕ್ಕಿಡಬ್ಬಿಯಲ್ಲಿ ಕೂಡಿಟ್ಟದ್ದು.
ಕೇಳಿದಳು. ನಾನು ಮಗ್ಗದ ದನಿಯಲ್ಲಿ ಕೂಗಿದೆ,
ನನಗೆ ಬೇರೆ ದನಿ ಮರೆತುಹೋಗಿದೆ.
ಬಸ್ಸು ಹತ್ತಿದಳು. ಅವಳ ತವರೂ ಯಡೂರೇ.
ಇಂದಿಗೆ ಹದಿನಾರು ದಿನ.

ತೇಪೆ ಹಚ್ಚಿ ದಂಡೆಗಿಳಿದರೆ ರಾವಸಾಬ ಅಂಬಿ
ನಾವೆಯ ನೀರು ತೋಡಿ ಚೆಲ್ಲುತ್ತಿದ್ದ.
ಸೈಕಲ್ಲನ್ನೆತ್ತಿ ನಡುವೆ ನಿಲ್ಲಿಸಿದೆ,
ಕೊಂಬು ಆ ದಂಡೆಗೆ ಮುಖಮಾಡಿ.
"ಮನಷ್ಯಾಗ ಇಪ್ಪತ್ತು," ಅಂದ. ಹ್ಯಾಂಡಲ್ಲು ಸವರಿದ.
"ಎತ್ತಿಗಿ ಅರ್ಧ ಟಿಕೀಟು."
ನಗಲಿಲ್ಲ ಅವನು.

ನಡುಹೊಳೆಯಲ್ಲಿ, ಯಾವಾಗಲೋ,
ಖಟಪಟ ನಿಂತಿತ್ತು. ಹುಟ್ಟಿನ ತುದಿಯಿಂದ
ಹನಿ ಬೀಳುವುದು ಕೇಳಿಸಿತು, ಒಂದೊಂದಾಗಿ.
ಚೀಲ ಬಿಚ್ಚಿ ನೋಡಿದೆ: ವಾಡಿಯ ಪೇಡೆ ಅರ್ಧ ಕಿಲೊ,
ಬಿಸಿಲಿಗೆ ಕರಗಿ ಒಂದೇ ಮುದ್ದೆಯಾಗಿದೆ.
ಸೈಕಲ್ಲು ಮಾರುತ್ತೇನೆ ಅನ್ನಬೇಕು.
ಅಥವಾ, ಹಿಂದೊಂದು ಕ್ಯಾರಿಯರ್ ಹಾಕಿಸುತ್ತೇನೆ ಅಂದರೆ?

ಮೂತಿ ಆ ದಂಡೆಯ ಕೆಸರಿಗೆ ತಾಗಿತು.
"ಕಡೀ ನಾವಿ ಆರಕ್ಕ," ಅಂದ ರಾವಸಾಬ,
ಪೇಡೆಯ ಡಬ್ಬಿ ನೋಡುತ್ತ.
"ಮೂರ ಮಂದಿಗಿ ಜಾಗ ಐತಿ, ಎತ್ತು ಹಿಡದು."